ಕೊಡಗಿನ ತೋಟದಲ್ಲಿ ಈವೆಂಟಿಂಗ್ ಮೈದಾನ: ಮೊದಲು ಚರಂಡಿ, ಕೊನೆಗೆ ಜಂಪ್

"ನಮ್ಮಲ್ಲಿ ಐದಾರು ಎಕರೆ ಬಾಣೆ ಸುಮ್ನೆ ಬಿದ್ದಿದೆ. ಅಲ್ಲಿ ಕುದುರೆ ಓಡಿಸುವ, ಜಂಪ್ ಮಾಡಿಸುವ ಮೈದಾನ ಮಾಡಬಹುದಾ?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡ ಏರು ಜಾಗ. ಸೋಮವಾರಪೇಟೆಯಿಂದಲೂ ಕೇಳುತ್ತಾರೆ, ಪೊನ್ನಂಪೇಟೆಯಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಉತ್ತರ ಹೌದು, ಮಾಡಬಹುದು. ಆದರೆ ಹೆಚ್ಚಿನವರು ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊದಲು ನಾಲ್ಕು ಸಿಲ್ವರ್ ಓಕ್ ದಿಮ್ಮಿ ಅಡ್ಡ ಹಾಕಿ ಫೋಟೊ ತೆಗೆಯುತ್ತಾರೆ. ಆಮೇಲೆ ಕುದುರೆ ಹುಡುಕುತ್ತಾರೆ. ಜೂನ್ ಬಂದಾಗ ನೀರಿನ ನೆನಪಾಗುತ್ತದೆ. ಜನರ ನೆನಪು ಆಗುವುದೇ ಇಲ್ಲ. ನಾನು ಹೇಳುವ ಕ್ರಮ ಇದಕ್ಕೆ ಉಲ್ಟಾ: ನೀರು, ನೆಲ, ಲಾಯ, ಕುದುರೆ, ಜನ, ಕೊನೆಗೆ ಜಂಪ್.

ಈವೆಂಟಿಂಗ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲನೆಯದು ಡ್ರೆಸ್ಸಾಜ್. ಅಳತೆಯ ಅಂಗಳದೊಳಗೆ ಕುದುರೆ ಹೇಳಿದಂತೆ ನಡೆಯಬೇಕು, ದುಲ್ಕಿ (ನಡಿಗೆಗಿಂತ ಚುರುಕಾದ ಓಟ) ಓಡಬೇಕು, ತಿರುಗಬೇಕು, ನಿಲ್ಲಬೇಕು. ಎರಡನೆಯದು ಕ್ರಾಸ್ ಕಂಟ್ರಿ. ಬಯಲಿನಲ್ಲಿ, ಏರಿಳಿತದಲ್ಲಿ ಓಡುತ್ತಾ ಗಟ್ಟಿಯಾಗಿ ನೆಟ್ಟ ಜಂಪ್‌ಗಳನ್ನು ದಾಟಬೇಕು. ಮೂರನೆಯದು ಶೋ ಜಂಪಿಂಗ್. ಇಲ್ಲಿ ತಗುಲಿದರೆ ಬೀಳುವ ಬಣ್ಣದ ಕಂಬಗಳಿರುತ್ತವೆ. ಗಂಡಸರು, ಹೆಂಗಸರು ಒಟ್ಟಿಗೇ ಸ್ಪರ್ಧಿಸುವ ಅಪರೂಪದ ಆಟ ಇದು. 1912ರಿಂದ ಒಲಿಂಪಿಕ್ಸ್‌ನಲ್ಲಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಹಾಗಾಗಿ ಇದು ನಮಗೆ ತೀರಾ ದೂರದ ಆಟವೇನಲ್ಲ.

ಹಂತ 1: ಮಳೆ ಪುಸ್ತಕ ತೆಗೆಯಿರಿ

ಕೊಡಗಿನ ಹೆಚ್ಚಿನ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕ ಇರುತ್ತದೆ. ಅದೇ ನಿಮ್ಮ ಮೊದಲ ಉಪಕರಣ. ಕಳೆದ ಹತ್ತು ವರ್ಷದ ಜೂನ್, ಜುಲೈ, ಆಗಸ್ಟ್ ಲೆಕ್ಕ ನೋಡಿ. ತಿಂಗಳ ಮೊತ್ತ ಅಷ್ಟು ಮುಖ್ಯವಲ್ಲ. ಒಂದೇ ದಿನದಲ್ಲಿ ಬಿದ್ದ ಅತಿ ಹೆಚ್ಚು ಮಳೆ ಎಷ್ಟು, ಅದನ್ನು ಗುರುತು ಹಾಕಿಕೊಳ್ಳಿ.

ಯಾಕೆ ಅಂದರೆ, 20 ಮೀಟರ್ ಅಗಲ, 40 ಮೀಟರ್ ಉದ್ದದ ಸಣ್ಣ ಅಂಗಳದ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 20 ಸಾವಿರ ಲೀಟರ್ ನೀರು. ಐದು ಇಂಚು ಸುರಿದ ದಿನ ಒಂದು ಲಕ್ಷ ಲೀಟರ್. ಇದು ಅಂಗಳದ ಮೇಲೆ ನೇರವಾಗಿ ಬಿದ್ದದ್ದು ಮಾತ್ರ. ಮೇಲಿನ ಗುಡ್ಡದಿಂದ ಇಳಿದು ಬರುವುದು ಬೇರೆ.

ಕುಶಾಲನಗರದ ಕಡೆ ಜಾಗ ಇದ್ದವರು ಪುಣ್ಯವಂತರು. ಅಲ್ಲಿ ಮಳೆ ಕಡಿಮೆ, ನೆಲ ಸಮ. ಭಾಗಮಂಡಲದ ಕಡೆಯವರಿಗೆ ನಾನು ನೇರವಾಗಿ ಹೇಳುತ್ತೇನೆ: ವರ್ಷವಿಡೀ ನಡೆಯುವ ಮೈದಾನದ ಆಸೆ ಬಿಡಿ, ಒಣ ತಿಂಗಳುಗಳ ಮೈದಾನ ಮಾಡಿ. ನಡುವಿನ ಊರಿನವರು ಪುಸ್ತಕ ನೋಡಿ ತೀರ್ಮಾನಿಸಿ.

ಜಾಗ ಆರಿಸಲು ಜನವರಿಯಲ್ಲಿ ಹೋಗಬೇಡಿ. ಜನವರಿಯಲ್ಲಿ ಕೊಡಗಿನ ಎಲ್ಲ ಜಾಗವೂ ಚೆನ್ನಾಗಿ ಕಾಣುತ್ತದೆ. ಜುಲೈನಲ್ಲಿ ಗಮ್‌ಬೂಟ್ ಹಾಕಿಕೊಂಡು, ಮಳೆ ಬರುತ್ತಿರುವಾಗಲೇ ನಡೆಯಿರಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಒಡೆಯುತ್ತದೆ ಎಂದು ನೋಡಿ ಗೂಟ ಹೊಡೆದು ಬನ್ನಿ.

ಇಳಿಜಾರಿನ ವಿಷಯದಲ್ಲಿ ಹುಷಾರು. ನೂರಕ್ಕೆ ಹತ್ತರಷ್ಟು ಇಳಿಜಾರು ಕಣ್ಣಿಗೆ ಏನೂ ಅಲ್ಲ ಅನಿಸುತ್ತದೆ. ಆದರೆ ಅಲ್ಲಿ 20 ಮೀಟರ್ ಅಗಲದ ಅಂಗಳ ಮಾಡಲು ಹೋದರೆ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 2 ಮೀಟರ್ ವ್ಯತ್ಯಾಸ. ಅಂದರೆ ಒಂದು ಮೀಟರ್ ಕಡಿಯಬೇಕು, ಒಂದು ಮೀಟರ್ ತುಂಬಬೇಕು. ತುಂಬಿದ ಮಣ್ಣೇ ಮಳೆಗಾಲದಲ್ಲಿ ಜಾರುವುದು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರಕ್ಕೆ ಐದಕ್ಕಿಂತ ಜಾಸ್ತಿ ಇಳಿಜಾರಿದ್ದರೆ ಬೇರೆ ಜಾಗ ಹುಡುಕಿ. ಅಂಗಳಕ್ಕೆ ಮಾತ್ರ ಸಮ ನೆಲ ಬೇಕು. ಕ್ರಾಸ್ ಕಂಟ್ರಿಗೆ ಏರಿಳಿತ ಇದ್ದಷ್ಟೂ ಒಳ್ಳೆಯದು.

"ಗದ್ದೆ ಸಮ ಇದೆಯಲ್ಲ, ಅಲ್ಲೇ ಮಾಡಿದರೆ?" ಎಂದು ಕೇಳುತ್ತೀರಿ. ಗದ್ದೆಯನ್ನು ಮುಚ್ಚಬೇಡಿ. ಅದು ನೀರು ನಿಲ್ಲಲೆಂದೇ ಇರುವ ಜಾಗ, ನಿಮ್ಮ ಮರಳನ್ನು ಮೊದಲ ಮಳೆಗೇ ನುಂಗುತ್ತದೆ. ಆದರೆ ಕುಯ್ಲು ಮುಗಿದು ನೆಲ ಒಣಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ, ಅದೇ ಗದ್ದೆಯಲ್ಲಿ ನಡಿಗೆ ಮತ್ತು ದುಲ್ಕಿ ಅಭ್ಯಾಸ ಮಾಡಬಹುದು. ಹಗ್ಗ ಕಟ್ಟಿ ಅಳತೆ ಗುರುತಿಸಿದರೆ ಖರ್ಚಿಲ್ಲದ ಅಂಗಳ. ಮೊದಲ ವರ್ಷ ಎಷ್ಟೋ ಜನರಿಗೆ ಇಷ್ಟೇ ಸಾಕು.

ಹಂತ 2: ಕಾಗದಪತ್ರ

ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ವಿಧಿಯ ಪ್ರಕಾರ ಭೂ ಪರಿವರ್ತನೆ ಬೇಕು. ಮನೆಯ ಎರಡು ಕುದುರೆ ಸಾಕುವುದು ಬೇರೆ, ಶುಲ್ಕ ತೆಗೆದುಕೊಂಡು ಮೈದಾನ ನಡೆಸುವುದು ಬೇರೆ. ನಿಮ್ಮದು ಯಾವುದು ಎಂದು ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿ.

ಜಮ್ಮಾ, ಅಂದರೆ ವಂಶಪಾರಂಪರ್ಯ ಹಕ್ಕಿನ ಬಾಣೆಯಾದರೆ ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. ಒಕ್ಕದ, ಅಂದರೆ ಒಂದೇ ಮೂಲದ ಕೊಡವ ಕುಟುಂಬದ, ಹಕ್ಕುದಾರರೆಲ್ಲರ ಒಪ್ಪಿಗೆ ಬರಹದಲ್ಲಿ ಇರಲಿ. ಬಾಯಿಮಾತಿನ ಒಪ್ಪಿಗೆ ಸುಗ್ಗಿ ಹಬ್ಬ ಪುತ್ತರಿವರೆಗೆ ಇರುತ್ತದೆ, ಲಾರಿ ಮರಳು ಬಂದ ದಿನ ಇರುವುದಿಲ್ಲ. ಮರ ಕಡಿಯುವ ಮುನ್ನ ಅರಣ್ಯ ಇಲಾಖೆಯನ್ನು ಕೇಳಿ. ಮಳೆಗಾಲದಲ್ಲಿ ಮಣ್ಣು ಅಗೆಯುವ ಕೆಲಸಕ್ಕೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು, ಅದಕ್ಕೇ ಜೆಸಿಬಿ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ ಒಳಗೆ ಮುಗಿಸಿ. ಓಟದ ದಾರಿ ದೇವರಕಾಡಿನೊಳಗೆ ಹೋಗುವುದು ಬೇಡ. ಅಂಚಿನಲ್ಲೂ ಬೇಡ.

ಹಂತ 3: ಅಂಗಳ

ಹಣ ಹೆಚ್ಚು ಹೋಗುವುದು ಇಲ್ಲಿ. ಹಣ ವ್ಯರ್ಥವಾಗುವುದೂ ಇಲ್ಲೇ.

ಡ್ರೆಸ್ಸಾಜ್ ಅಂಗಳಕ್ಕೆ ಎರಡು ಅಳತೆ ಇದೆ: 20 × 40 ಮೀಟರ್, 20 × 60 ಮೀಟರ್. ಕಲಿಯುವವರ ಪರೀಕ್ಷೆಗಳಿಗೆ ಚಿಕ್ಕದು ಸಾಕು. ಆದರೆ ಅದರಲ್ಲಿ ಶೋ ಜಂಪಿಂಗ್ ಮಾಡಿಸಲು ಇಕ್ಕಟ್ಟಾಗುತ್ತದೆ. ಜಾಗ ಇದ್ದರೆ 40 × 60 ಮೀಟರ್ ಸಮ ಮಾಡಿಟ್ಟುಕೊಂಡು, ಮರಳನ್ನು ಮೊದಲು 20 × 40ಕ್ಕೆ ಮಾತ್ರ ಹಾಕಿ. ಉಳಿದದ್ದು ಹುಲ್ಲಾಗಿಯೇ ಇರಲಿ. ಒಣ ತಿಂಗಳಲ್ಲಿ ಜಂಪ್‌ಗೆ ಹುಲ್ಲೇ ಚೆಂದ.

ಕೆಲಸದ ಕ್ರಮ ಹೀಗೆ. ಮೇಲ್ಮಣ್ಣು ತೆಗೆದು ಪಕ್ಕದಲ್ಲಿ ರಾಶಿ ಹಾಕಿ, ತೋಟಕ್ಕೆ ಬೇಕಾಗುತ್ತದೆ. ಗುಡ್ಡದ ಬದಿಗೆ, ಅಂಗಳ ಶುರುವಾಗುವುದಕ್ಕಿಂತ ಮೂರು ಮೀಟರ್ ಹಿಂದೆಯೇ, ಅಡ್ಡ ಚರಂಡಿ ತೋಡಿ. ಗುಡ್ಡದ ನೀರನ್ನು ಅಲ್ಲೇ ಹಿಡಿದು ಎರಡೂ ಬದಿಗೆ ತಿರುಗಿಸುವುದು ಇದರ ಕೆಲಸ. ಇದು ಮುಗಿಯದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಆಮೇಲೆ ನೆಲವನ್ನು ರೋಲರ್‌ನಲ್ಲಿ ಗಟ್ಟಿ ಮಾಡಿ. 20 ಮೀಟರ್ ಅಗಲಕ್ಕೆ 20 ಸೆಂಟಿಮೀಟರ್ ಇಳಿಯುವಂತೆ ಒಂದೇ ಕಡೆಗೆ ವಾಟ ಕೊಡಿ. ಅದರ ಮೇಲೆ 15 ಸೆಂಟಿಮೀಟರ್ ಜಲ್ಲಿ. ಜಲ್ಲಿಯ ಮೇಲೆ ಜಿಯೋಟೆಕ್ಸ್‌ಟೈಲ್ ಹಾಸು. ಇದು ನೀರು ಬಿಟ್ಟುಕೊಟ್ಟು ಜಲ್ಲಿ ಮೇಲೆ ಬಾರದಂತೆ ತಡೆಯುವ ದಪ್ಪ ಬಟ್ಟೆ. ಅದರ ಮೇಲೆ ಮರಳು.

ಮರಳು ಎಷ್ಟು? 10 ಸೆಂಟಿಮೀಟರ್ ದಪ್ಪಕ್ಕೆ ಚಿಕ್ಕ ಅಂಗಳಕ್ಕೆ 80 ಘನ ಮೀಟರ್ ಬೇಕು, ಲಾರಿಯವರ ಲೆಕ್ಕದಲ್ಲಿ ಸುಮಾರು 28 ಯೂನಿಟ್. ಆದರೆ ಒಂದೇ ಸಲ ಅಷ್ಟನ್ನೂ ಹಾಕಬೇಡಿ. ಮೊದಲು 6 ಸೆಂಟಿಮೀಟರ್ ಹಾಕಿ ಒಂದು ತಿಂಗಳು ಓಡಿಸಿ ನೋಡಿ. ಮರಳು ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಜಾಸ್ತಿ ಆಳದ ಮರಳಿನಲ್ಲಿ ಕುದುರೆಯ ಕಾಲಿನ ನರ ಎಳೆದುಕೊಳ್ಳುತ್ತದೆ. ನರ ಅಂತ ನಾವು ಹೇಳುವುದು ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಸ್ನಾಯುರಜ್ಜು. ಒಮ್ಮೆ ಹರಿದರೆ ತಿಂಗಳುಗಟ್ಟಲೆ ವಿಶ್ರಾಂತಿ.

ಎಂ-ಸ್ಯಾಂಡ್ ಆಗುತ್ತದಾ? ತೊಳೆದದ್ದಾದರೆ ಆಗುತ್ತದೆ. ಕಲ್ಲಿನ ಪುಡಿ ಸೇರಿದ್ದರೆ ಒಣಗಿದಾಗ ಸಿಮೆಂಟ್ ನೆಲದಂತೆ ಗಟ್ಟಿಯಾಗುತ್ತದೆ. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮುಕ್ಕಾಲಿಗೆ ನೀರು ಹಾಕಿ ಕುಲುಕಿ ಒಂದು ರಾತ್ರಿ ಬಿಡಿ. ಮರಳಿನ ಮೇಲೆ ಬೆರಳು ದಪ್ಪ ಕೆಸರು ಕೂತರೆ ಆ ಲೋಡ್ ವಾಪಸ್ ಕಳಿಸಿ.

ನಾನು ಮೊದಲ ಸಲ ಮಾಡಿದಾಗ ಮೇಲ್ಬದಿಯ ಚರಂಡಿಯನ್ನು "ಆಮೇಲೆ ನೋಡೋಣ" ಎಂದು ಬಿಟ್ಟಿದ್ದೆ. ಜುಲೈ ಎರಡನೇ ವಾರ ಮರಳು ಪಕ್ಕದವರ ಕಾಫಿ ಗಿಡದ ಬುಡದಲ್ಲಿತ್ತು. ಅವರು ಒಳ್ಳೆಯವರು, ನಗುತ್ತಲೇ ಲೆಕ್ಕ ಕೇಳಿದರು.

ಇನ್ನೊಂದು ಮಾತು. ಮಳೆಗಾಲದಲ್ಲಿ ಜಾಗ ಇಲ್ಲವೆಂದು ಕಾಫಿ ಒಣಗಿಸುವ ಕಣದಲ್ಲಿ ಕುದುರೆ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಒದ್ದೆ ಸಿಮೆಂಟ್ ಮೇಲೆ ಲಾಳ ಜಾರುತ್ತದೆ. ಕೈಯಲ್ಲಿ ಹಿಡಿದು ನಡೆಸಲು ತೋಟದ ರಸ್ತೆ ಸಾಕು.

ಹಂತ 4: ಲಾಯ ಮತ್ತು ಮೇವು

ಒಂದು ಕುದುರೆಗೆ 12 × 12 ಅಡಿ ಕೋಣೆ. ಎತ್ತರವೂ ಅಷ್ಟೇ ಇರಲಿ. ನೆಲ ಸುತ್ತಲಿಗಿಂತ ಒಂದಡಿ ಮೇಲಿರಲಿ. ಮಳೆ ಹೊಡೆಯುವ ನೈಋತ್ಯ ದಿಕ್ಕಿಗೆ ಬಾಗಿಲು ಇಡಬೇಡಿ, ಆ ಕಡೆ ಮಾಡು ಉದ್ದಕ್ಕೆ ಇಳಿಯಲಿ. ಆದರೆ ಮಾಡಿನ ಕೆಳಗೆ ಗಾಳಿ ಹೋಗಲು ಕಿಂಡಿ ಬಿಡಿ. ತೇವ ಮತ್ತು ಮೂತ್ರದ ವಾಸನೆ ತುಂಬಿದ ಮುಚ್ಚಿದ ಲಾಯ, ತೆರೆದ ಕೊಟ್ಟಿಗೆಗಿಂತ ಕೆಟ್ಟದ್ದು. ದಕ್ಷಿಣ ಕೊಡಗಿನವರು ರಾತ್ರಿ ಬಾಗಿಲು ಭದ್ರ ಮಾಡಿ. ಅಲ್ಲಿ ಹುಲಿ ದನ ಹಿಡಿಯುವುದು ಹೊಸ ಸುದ್ದಿಯಲ್ಲ, ಅದಕ್ಕೆ ಕುದುರೆ ಬೇರೆ ಏನಲ್ಲ. ಲಾಯದ ಹತ್ತಿರ ಹಲಸಿನ ಮರ ಇದ್ದರೆ ಕಾಯಿ ಬಲಿಯುವ ಮುನ್ನವೇ ಇಳಿಸಿ, ಆನೆ ಅದಕ್ಕೇ ಬರುವುದು.

ನೆಲಕ್ಕೆ ಹಾಸಲು ಮರದ ಹೊಟ್ಟು ಒಳ್ಳೆಯದು. ಕಾಫಿ ಸಿಪ್ಪೆ ಪುಕ್ಕಟೆ ಸಿಗುತ್ತದೆ ಎಂದು ಹಾಸಬೇಡಿ. ಬೇಸರಕ್ಕೆ ಕುದುರೆ ಅದನ್ನು ಜಗಿಯುತ್ತದೆ. ಕೆಫೀನ್ ಅದಕ್ಕೆ ಒಳ್ಳೆಯದಲ್ಲ. ಸಾಲದ್ದಕ್ಕೆ, ಸ್ಪರ್ಧೆಯ ವೇಳೆ ಕುದುರೆಯ ರಕ್ತದಲ್ಲಿ ಇರಬಾರದ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಕಾಫಿ ನಾಡಿನ ಕುದುರೆ ಕಾಫಿಯಿಂದಲೇ ಸಿಕ್ಕಿಬಿದ್ದರೆ ಹೇಗಿರುತ್ತದೆ, ಯೋಚಿಸಿ.

ಮೇವಿನ ಲೆಕ್ಕ ಸರಳ. ಕುದುರೆಯ ತೂಕದ ನೂರಕ್ಕೆ ಎರಡರಷ್ಟು ಒಣ ಲೆಕ್ಕದ ಆಹಾರ ದಿನಕ್ಕೆ ಬೇಕು. 400 ಕಿಲೊ ಕುದುರೆಗೆ 8 ಕಿಲೊ. ಅದರಲ್ಲಿ ಕನಿಷ್ಠ 6 ಕಿಲೊ ಹುಲ್ಲೇ ಆಗಿರಬೇಕು. ಹಸಿ ನೇಪಿಯರ್ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು ಇರುತ್ತದೆ, ಹಾಗಾಗಿ 6 ಕಿಲೊ ಒಣ ಹುಲ್ಲಿಗೆ ಸಮ ಮಾಡಲು 30 ಕಿಲೊ ಹಸಿ ಹುಲ್ಲು ಬೇಕು. ನೀರು ದಿನಕ್ಕೆ 25ರಿಂದ 50 ಲೀಟರ್.

ಇಲ್ಲಿ ಹೈನುಗಾರಿಕೆ ಮಾಡಿದವರು ಒಂದು ತಪ್ಪು ಮಾಡುತ್ತಾರೆ. ದನಕ್ಕೆ ಆದದ್ದು ಕುದುರೆಗೂ ಆಗುತ್ತದೆ ಎಂದು ನೇಪಿಯರ್ ಒಂದನ್ನೇ ಹಾಕುತ್ತಾರೆ. ಆ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಅಂಶ ಇದೆ. ಅದು ಕುದುರೆಗೆ ಕ್ಯಾಲ್ಸಿಯಂ ಸಿಗದಂತೆ ಮಾಡುತ್ತದೆ. ಮೇಲಿಂದ ಬೂಸಾ ಜಾಸ್ತಿ ಕೊಟ್ಟರೆ ಇನ್ನೂ ಕೆಟ್ಟದ್ದು. ತಿಂಗಳುಗಳು ಕಳೆದ ಮೇಲೆ ಕುದುರೆ ಕುಂಟುತ್ತದೆ, ಮುಖದ ಮೂಳೆ ಊದುತ್ತದೆ. ಹುಲ್ಲು ಬೆರೆಸಿ ಹಾಕಿ, ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಸೇರಿಸಿ, ಕ್ಯಾಲ್ಸಿಯಂ ಎಷ್ಟು ಕೊಡಬೇಕೆಂದು ಪಶುವೈದ್ಯರನ್ನು ಕೇಳಿ. ಹುರುಳಿ ಬೇಯಿಸಿ ಕೊಡುವುದು ನಮ್ಮ ಹಳೆಯ ಪದ್ಧತಿ, ಒಳ್ಳೆಯದೇ. ಆದರೆ ಕೆಲಸ ಇಲ್ಲದ ದಿನ ಕಡಿಮೆ ಮಾಡಿ.

ಬೂಷ್ಟು ಹಿಡಿದ ಹುಲ್ಲು ಖಂಡಿತ ಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಕೆಟ್ಟದ್ದು ಹೋದರೆ ಕಾಲಿಕ್ ಎಂಬ ಹೊಟ್ಟೆನೋವು ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ಕುದುರೆ ನೆಲಕ್ಕೆ ಬಿದ್ದು ಹೊರಳುವುದು, ಹೊಟ್ಟೆ ತಿರುಗಿ ನೋಡುವುದು, ಲದ್ದಿ ಹಾಕದಿರುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮೇಯುವ ಜಾಗದಿಂದ ಕಣಗಿಲೆ, ಲಂಟಾನ ಕಿತ್ತು ಹಾಕಿ. ನಾವು ಮಳೆಗಾಲದಲ್ಲಿ ತೆರ್ಮೆ ಸೊಪ್ಪು, ಅಂದರೆ ಜರಿಗಿಡದ ಎಳೆ ಚಿಗುರು, ತಿನ್ನುತ್ತೇವೆ ಸರಿ, ಆದರೆ ಬಾಣೆಯಲ್ಲಿ ಎದೆಯೆತ್ತರ ಬೆಳೆಯುವ ಒರಟು ಜರಿಗಿಡ ಕುದುರೆಗೆ ವಿಷ.

ಮಳೆಗಾಲದಲ್ಲಿ ಗೊರಸಿನ ತಳ ಕೊಳೆತು ನಾರುವುದು ಸಾಮಾನ್ಯ. ದಿನಕ್ಕೆ ಎರಡು ಸಲ ಕೆರೆದು ಒಣಗಿಸುವುದೇ ಮದ್ದು. ಲದ್ದಿ ಮಾತ್ರ ಲಾಭ: ಚೆನ್ನಾಗಿ ಕೊಳೆಸಿ ಕಾಫಿಗೆ, ಕರಿಮೆಣಸಿಗೆ ಹಾಕಿ.

ಹಂತ 5: ಕುದುರೆ

ಮೊದಲ ಕುದುರೆ ವಯಸ್ಸಾದದ್ದು, ತಾಳ್ಮೆಯದ್ದು ಆಗಿರಲಿ. ಹತ್ತರಿಂದ ಹದಿನೈದು ವರ್ಷದ, ಮಕ್ಕಳನ್ನು ಹೊತ್ತು ಅಭ್ಯಾಸ ಇರುವ ಕುದುರೆ ಬಂಗಾರ. ಬೆಂಗಳೂರು, ಮೈಸೂರಿನ ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಒಳ್ಳೆಯ ಈವೆಂಟಿಂಗ್ ಕುದುರೆಗಳಾಗುತ್ತವೆ. ಆದರೆ ಅವಕ್ಕೆ ಗೊತ್ತಿರುವುದು ನೇರ ಓಡುವುದು ಮಾತ್ರ. ಹೊಸದಾಗಿ ಕಲಿಸಲು ವರ್ಷ ಬೇಕು, ಅನುಭವಿ ಸವಾರರು ಬೇಕು. ಹೊಸ ಸವಾರರಿಗೆ ಹೊಸ ಕುದುರೆ ಕೊಟ್ಟರೆ ಇಬ್ಬರೂ ಕೆಡುತ್ತಾರೆ.

ಕೊಳ್ಳುವ ಮುನ್ನ ನಿಮ್ಮ ಕಡೆಯ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಮಾರುವವರ ಕಡೆಯವರಿಂದ ಅಲ್ಲ. ಗ್ಲಾಂಡರ್ಸ್ ರಕ್ತಪರೀಕ್ಷೆಯ ವರದಿ ಇಲ್ಲದೆ ಕುದುರೆಯನ್ನು ಲಾರಿಗೆ ಹತ್ತಿಸಬೇಡಿ. ಇದು ಮನುಷ್ಯರಿಗೂ ಹರಡುವ ರೋಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಬಂದ ಕುದುರೆಯನ್ನು ಮೂರು ವಾರ ಬೇರೆಯವುಗಳಿಂದ ದೂರ ಕಟ್ಟಿ. ಧನುರ್ವಾಯು ಲಸಿಕೆ ತಪ್ಪಿಸಬೇಡಿ.

ತೂಕ ತಿಳಿಯಲು ತಕ್ಕಡಿ ಬೇಡ, ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ. ಕೊನೆಗೆ 11,880ರಿಂದ ಭಾಗಿಸಿ. ಸುತ್ತಳತೆ 170, ಉದ್ದ 155 ಇದ್ದರೆ ಸುಮಾರು 377 ಕಿಲೊ. ಸವಾರರು ಮತ್ತು ಜೀನು ಸೇರಿ ಇದರ ಐದನೇ ಒಂದು ಪಾಲು ಮೀರಬಾರದು, ಅಂದರೆ 75 ಕಿಲೊ. ಜಂಪ್ ಮಾಡಿಸುವುದಾದರೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಈ ಲೆಕ್ಕ ಹೇಳಿದಾಗ ಕೆಲವು ಅಣ್ಣಂದಿರಿಗೆ ಬೇಸರವಾಗುತ್ತದೆ. ಆಗಲಿ.

ಹಂತ 6: ಜನ

ಮೈದಾನ ಹಾಳಾಗುವುದು ಮಳೆಯಿಂದ, ಮುಚ್ಚುವುದು ಜನ ಇಲ್ಲದೆ. ನಾಲ್ಕು ಕುದುರೆ, ಹತ್ತು ಹನ್ನೆರಡು ಖಾಯಂ ಸವಾರರು, ಒಬ್ಬರು ತರಬೇತುದಾರರು, ಇಬ್ಬರು ಸೈಸ್‌ಗಳು. ಸೈಸ್ ಎಂದರೆ ಕುದುರೆಯ ದಿನನಿತ್ಯದ ಆರೈಕೆ ಮಾಡುವವರು. ಇಷ್ಟಾಗುವವರೆಗೆ ಕ್ರಾಸ್ ಕಂಟ್ರಿ ಜಂಪ್ ಒಂದನ್ನೂ ನೆಡಬೇಡಿ.

ಲಾಳ ಹಾಕುವವರು ಐದಾರು ವಾರಕ್ಕೊಮ್ಮೆ ಬರಬೇಕು. ಮೈಸೂರಿನಿಂದ ಕರೆಸುವುದಾದರೆ ನಾಲ್ಕು ತೋಟದವರು ಸೇರಿ ಒಂದೇ ದಿನ ಇಟ್ಟುಕೊಳ್ಳಿ. ಅದೇ ದಿನ ಎಲ್ಲರೂ ಕುದುರೆ ಜೊತೆ ಸೇರುವಂತಾದರೆ ನಿಮ್ಮ ಬಳಗ ಅಲ್ಲೇ ಹುಟ್ಟಿತು. ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳ ಇದೆ. ಅಲ್ಲಿಂದ, ಸೇನೆಯಿಂದ ನಿವೃತ್ತರಾದ ಸವಾರರು ಸಿಕ್ಕರೆ ಬಿಡಬೇಡಿ. ಕೊಡಗಿನಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ. ಕುದುರೆ ಗೊತ್ತಿಲ್ಲದಿದ್ದರೂ ಅವರಿಗೆ ಸಮಯಪಾಲನೆ ಗೊತ್ತಿದೆ, ಸ್ಪರ್ಧೆಯ ದಿನ ಅದೇ ಬೇಕು.

ಸವಾರರು ಯಾರು? ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರನ್ನು ನಂಬಿ ಲೆಕ್ಕ ಹಾಕಬೇಡಿ. ಹತ್ತಿರದ ಶಾಲೆಯ ಮಕ್ಕಳನ್ನು ಸೇರಿಸಿ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ, ಮಕ್ಕಳನ್ನೂ ಸೇರಿಸಿ. ಬೆಳಿಗ್ಗೆ ಆರಕ್ಕೆ ಲಾಯಕ್ಕೆ ಬಂದು ನಿಲ್ಲುವವರು ಅವರೇ. ಅವರನ್ನು ಲದ್ದಿ ಎತ್ತಲು ಮಾತ್ರ ಇಟ್ಟುಕೊಂಡು ಜೀನಿನ ಮೇಲೆ ಕೂರಿಸದಿದ್ದರೆ ಅದು ಬಳಗವಲ್ಲ. ಶುಲ್ಕ ಕೊಡಲಾಗದವರಿಗೆ ಕೆಲಸದ ಗಂಟೆಯ ಬದಲು ಸವಾರಿಯ ಗಂಟೆ ಎಂಬ ಲೆಕ್ಕ ಇಡಿ, ಪುಸ್ತಕದಲ್ಲಿ ಬರೆಯಿರಿ. ಮಕ್ಕಳನ್ನು ಶಾಲೆ ತಪ್ಪಿಸಿ ಕೆಲಸಕ್ಕೆ ಕರೆಯಬೇಡಿ.

ಕಲಿಕೆಗೆ ಮೆಟ್ಟಿಲು ಇರಲಿ. ಮೊದಲು ಕುದುರೆ ಉಜ್ಜುವುದು, ಗೊರಸು ನೋಡುವುದು. ಆಮೇಲೆ ನಡಿಗೆ, ದುಲ್ಕಿ. ಆಮೇಲೆ ನೆಲದ ಮೇಲೆ 1.3 ಮೀಟರ್‌ಗೆ ಒಂದರಂತೆ ಇಟ್ಟ ಕಂಬಗಳ ಮೇಲೆ ದುಲ್ಕಿ. ಆಮೇಲೆ ಕ್ಯಾಂಟರ್, ಅಂದರೆ ಹದವಾದ ಓಟ. ಆಮೇಲೆ 45 ಸೆಂಟಿಮೀಟರ್ ಜಂಪ್. ಅಂಗಳದಲ್ಲಿ 60 ಸೆಂಟಿಮೀಟರ್ ಸುತ್ತನ್ನು ಮೂರು ಬೇರೆ ಬೇರೆ ದಿನ ಶುದ್ಧವಾಗಿ ಮುಗಿಸದವರು ಕ್ರಾಸ್ ಕಂಟ್ರಿಗೆ ಹೋಗುವಂತಿಲ್ಲ. ನನ್ನ ಈ ನಿಯಮಕ್ಕೆ ವಿನಾಯಿತಿ ಇಲ್ಲ, ಯಾರ ಮಗನಾದರೂ ಅಷ್ಟೇ. ಹೆಲ್ಮೆಟ್ ಕುದುರೆ ಸವಾರಿಯದ್ದೇ ಬೇಕು. ಬೈಕಿನದ್ದು ಭಾರ, ಕತ್ತಿಗೆ ಕೆಟ್ಟದ್ದು.

ಹೋಮ್‌ಸ್ಟೇ ಇಟ್ಟವರು "ಅತಿಥಿಗಳಿಗೂ ಒಂದು ರೌಂಡ್ ಕೊಡಬಹುದಲ್ವಾ?" ಎನ್ನುತ್ತಾರೆ. ಕೊಡುವುದಾದರೆ ಅದಕ್ಕೆ ಬೇರೆ ಕುದುರೆ ಇಡಿ. ಬೆಳಿಗ್ಗೆಯಿಂದ ಸೆಲ್ಫಿಗೆ ನಿಂತು ಬಾಯಿ ಎಳೆಸಿಕೊಂಡ ಕುದುರೆ ಸಂಜೆ ಕಡಿವಾಣದ ಮಾತು ಕೇಳುವುದಿಲ್ಲ.

ಹಂತ 7: ಕ್ರಾಸ್ ಕಂಟ್ರಿ ದಾರಿ

ಈಗ ದಿಮ್ಮಿ ತನ್ನಿ. ಆದರೆ ಮೊದಲು ದಾರಿ ನಡೆಯಿರಿ. 1500 ಮೀಟರ್ ಉದ್ದ, ಹನ್ನೆರಡು ಜಂಪ್, ಎತ್ತರ 45, 60, 75 ಸೆಂಟಿಮೀಟರ್ ಎಂಬ ಮೂರು ದರ್ಜೆ. ಶುರುವಿಗೆ ಇದಕ್ಕಿಂತ ಜಾಸ್ತಿ ಬೇಡ. ದಾರಿ ಐದು ಮೀಟರ್ ಅಗಲ, ತಲೆಯ ಮೇಲೆ ಮೂರು ಮೀಟರ್‌ವರೆಗೆ ಕೊಂಬೆ ಇರಬಾರದು.

ಕಾಫಿ ಸಾಲಿನ ನಡುವೆ ಓಡಿಸುವ ಯೋಚನೆ ಬಿಡಿ. ಸಾಲಿನಲ್ಲಿ ತೊಟ್ಟಿಲು ಗುಂಡಿಗಳಿರುತ್ತವೆ. ಮಳೆ ನೀರು ಇಂಗಲು ತೋಡಿದ ಆ ಗುಂಡಿಗಳು ತರಗೆಲೆ ಮುಚ್ಚಿ ಕಾಣುವುದೇ ಇಲ್ಲ. ಓಡುವ ಕುದುರೆಯ ಕಾಲು ಒಂದರೊಳಗೆ ಹೋದರೆ ಕಥೆ ಮುಗಿಯಿತು. ಬಾಣೆಯ ಅಂಚು, ತೋಟದ ಅಗಲ ರಸ್ತೆ, ಹುಲ್ಲುಗಾವಲು ಬಳಸಿ. ಆನೆ ಕಂದಕ, ಸೋಲಾರ್ ಬೇಲಿಯಿಂದ ಇಪ್ಪತ್ತು ಮೀಟರ್ ದೂರ ಇರಿ. ದಾರಿ ಪಕ್ಕದ ಮುಳ್ಳುತಂತಿ ತೆಗೆಯಿರಿ.

ನಮ್ಮಲ್ಲಿ ವಿಶೇಷವಾಗಿ ನೋಡಬೇಕಾದದ್ದು ನೆರಳು. ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಜಾಸ್ತಿ ಸಮಯ ಬೇಕು. ಬಯಲಿನಿಂದ ಮರದ ನೆರಳಿಗೆ ಕಾಲಿಡುವ ಜಾಗದಲ್ಲೇ ಜಂಪ್ ಇಟ್ಟರೆ, ಕುದುರೆ ಅದನ್ನು ಕಾಣದೆ ನಿಲ್ಲುತ್ತದೆ ಅಥವಾ ಕಾಣದೆ ಹಾರುತ್ತದೆ. ಎರಡನೆಯದು ಹೆಚ್ಚು ಅಪಾಯ. ನೆರಳಿನೊಳಗೆ ಮೂವತ್ತು ಮೀಟರ್ ಹೋದ ಮೇಲೆ ಇಡಿ, ಅಥವಾ ಬಯಲಿನಲ್ಲೇ ಇಡಿ. ಸ್ಪರ್ಧೆ ನಡೆಯುವ ಗಂಟೆಯಲ್ಲೇ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ.

ದಿಮ್ಮಿ ಕನಿಷ್ಠ 30 ಸೆಂಟಿಮೀಟರ್ ದಪ್ಪ ಇರಲಿ. ತೆಳ್ಳಗಿನ ಗಳವನ್ನು ಕುದುರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೊಗಟೆ ಸುಲಿದು, ಮೇಲಿನ ಅಂಚನ್ನು ದುಂಡಗೆ ಮಾಡಿ. ಜಂಪ್‌ನ ಬುಡದಲ್ಲಿ, ಕುದುರೆ ಬರುವ ಬದಿಗೆ, ನೆಲಕ್ಕೆ ತಾಗಿ ಇನ್ನೊಂದು ಸಣ್ಣ ದಿಮ್ಮಿ ಇಡಿ. ಕುದುರೆ ನೆಗೆಯುವ ಅಳತೆಯನ್ನು ಬುಡದ ಗೆರೆ ನೋಡಿ ಲೆಕ್ಕ ಹಾಕುತ್ತದೆ. ಗೊರಸು ಸಿಕ್ಕಿಕೊಳ್ಳುವ ಸಂದು ಎಲ್ಲೂ ಇರಬಾರದು. ತೂಕ ಇದೆಯಲ್ಲ ಎಂದು ದಿಮ್ಮಿಯನ್ನು ಸುಮ್ನೆ ಇಡಬೇಡಿ, ತಗುಲಿದಾಗ ಉರುಳಿದರೆ ಕುದುರೆಯ ಕಾಲಡಿಗೇ ಬರುತ್ತದೆ. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಕಟ್ಟಿ. ಸಿಲ್ವರ್ ಓಕ್ ಅಗ್ಗ, ಆದರೆ ಗೆದ್ದಲಿಗೂ ಅದೇ ಇಷ್ಟ. ಪ್ರತಿ ಅಕ್ಟೋಬರ್ ಸುತ್ತಿಗೆಯಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಬದಲಿಸಿ.

ನೀರಿನ ಜಂಪ್‌ಗೆ ತೋಟದ ಕೆರೆ ಬಳಸಬೇಡಿ. ತಳ ಕಾಣದ, ಕೆಸರಿನ ನೀರಿಗೆ ಕುದುರೆ ಇಳಿಸುವುದು ಜೂಜು. ಕಲ್ಲು ಹಾಸಿ ಗಟ್ಟಿ ಮಾಡಿದ ತಳದ ಮೇಲೆ 15ರಿಂದ 20 ಸೆಂಟಿಮೀಟರ್ ನೀರು ಸಾಕು. ಪ್ರತಿ ಜಂಪ್‌ಗೆ ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ.

ಮರದ ಮೇಲೆ ಹೆಜ್ಜೇನು, ಕಣಜದ ಗೂಡು ಇದೆಯಾ ನೋಡಿ. ಹಿಂದಿನ ವಾರ ಒಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ. ಇದ್ದರೆ ಓಡಿಸಲು ಹೋಗಬೇಡಿ, ದಾರಿ ಬದಲಿಸಿ.

ಹಂತ 8: ಮೊದಲ ಕೂಟ

ದಿನ ಯಾವುದು? ಅರೇಬಿಕಾ ಕುಯ್ಲು ಮುಗಿದಿರಬೇಕು, ಪುತ್ತರಿ ಕಳೆದಿರಬೇಕು, ಮಕ್ಕಳ ಪರೀಕ್ಷೆ ಬಂದಿರಬಾರದು, ಏಪ್ರಿಲ್‌ನ ಕೌಟುಂಬಿಕ ಹಾಕಿ ಶುರುವಾಗಿರಬಾರದು. ಉಳಿಯುವುದು ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ. ರೊಬಸ್ಟಾ ಕುಯ್ಲು ನಡೆಯುತ್ತಿರುತ್ತದೆ, ಆಳು ಸಿಗುವುದಿಲ್ಲ, ಅದಕ್ಕೇ ಭಾನುವಾರ ಇಟ್ಟುಕೊಳ್ಳಿ. ಆಗ ನೆಲ ಕಲ್ಲಿನಂತೆ ಇರುತ್ತದೆ. ಸ್ಪ್ರಿಂಕ್ಲರ್ ಹಾಕಿ ಮೂರು ದಿನ ಮೊದಲು ಜಂಪ್‌ಗಳ ಮುಂದೆ, ಹಿಂದೆ ನೆಲ ನೆನೆಸಿ. ರೊಬಸ್ಟಾದ ಹೂವಿಗೆ ನೀರು ಹಾಯಿಸುವ ಕಾಲವೂ ಹತ್ತಿರ ಬರುವುದರಿಂದ ಪೈಪ್ ಸೆಟ್ ಯಾರದ್ದು, ಯಾವ ದಿನ ಎಂದು ಡಿಸೆಂಬರ್‌ನಲ್ಲೇ ಮಾತಾಡಿಡಿ.

ಅಂಕದ ಲೆಕ್ಕ ದಂಡದ ಲೆಕ್ಕ. ಕಡಿಮೆ ಇದ್ದವರು ಗೆದ್ದಂತೆ. ಡ್ರೆಸ್ಸಾಜ್‌ನಲ್ಲಿ ನೂರಕ್ಕೆ 65 ಬಂದರೆ ದಂಡ 35. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಜಂಪ್ ಮುಂದೆ ನಿಂತುಬಿಟ್ಟರೆ 20, ಅದೇ ಜಂಪ್‌ನಲ್ಲಿ ಎರಡನೇ ಸಲಕ್ಕೆ 40, ಮೂರನೇ ಸಲಕ್ಕೆ ಹೊರಗೆ. ಸವಾರರು ಬಿದ್ದರೂ ಹೊರಗೆ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಶೋ ಜಂಪಿಂಗ್‌ನಲ್ಲಿ ಬಿದ್ದ ಕಂಬಕ್ಕೆ 4. ಹಾಗಾಗಿ 35ರಿಂದ ಶುರು ಮಾಡಿ, ಒಮ್ಮೆ ನಿಂತು, ಹತ್ತು ಸೆಕೆಂಡ್ ತಡವಾಗಿ, ಒಂದು ಕಂಬ ಬೀಳಿಸಿದವರ ಒಟ್ಟು 63. ಹೊಸಬರಿಗೆ ವೇಗ ನಿಮಿಷಕ್ಕೆ 350 ಮೀಟರ್ ಇಡಿ. 1500 ಮೀಟರ್‌ಗೆ 4 ನಿಮಿಷ 17 ಸೆಕೆಂಡ್. ತೀರಾ ಬೇಗ ಬಂದವರಿಗೂ ದಂಡ ಹಾಕಿ, ಇಲ್ಲದಿದ್ದರೆ ಹುಡುಗರು ರೇಸ್ ಮಾಡುತ್ತಾರೆ. ಮುಂದೆ ದೊಡ್ಡ ಕೂಟಗಳಿಗೆ ಕಳಿಸುವ ಆಸೆ ಇದ್ದರೆ ಭಾರತೀಯ ಈಕ್ವೆಸ್ಟ್ರಿಯನ್ ಫೆಡರೇಷನ್‌ನ ನಿಯಮ ಪುಸ್ತಕವನ್ನೇ ಅನುಸರಿಸಿ.

ಪ್ರತಿ ಜಂಪ್‌ಗೆ ಒಬ್ಬರು ತೀರ್ಪುಗಾರರು, ಕೈಯಲ್ಲಿ ಸೀಟಿ, ಕಾಗದ, ಬಾವುಟ. ಹನ್ನೆರಡು ಜಂಪ್‌ಗೆ ಹನ್ನೆರಡು ಜನ. ಮೊಬೈಲ್ ನೆಟ್‌ವರ್ಕ್ ನಂಬಬೇಡಿ, ವಾಕಿಟಾಕಿ ಬಾಡಿಗೆಗೆ ತನ್ನಿ. ಇಷ್ಟು ಜನ ಎಲ್ಲಿಂದ ಎಂದು ಹೆದರಬೇಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಒಕ್ಕದವರು ಶುರು ಮಾಡಿದ ಹಾಕಿ ಉತ್ಸವವನ್ನು ವರ್ಷಕ್ಕೊಂದು ಒಕ್ಕ ಹೊತ್ತು ನಡೆಸುವುದನ್ನು ನಾವು ನೋಡಿಲ್ಲವೇ? ಊಟ, ಪಾರ್ಕಿಂಗ್, ಮೈಕ್, ಗೆರೆ ಎಳೆಯುವುದು, ಎಲ್ಲ ಗೊತ್ತಿರುವವರು ಪ್ರತಿ ಊರಲ್ಲಿದ್ದಾರೆ. ಒಂದು ಜಂಪ್ ಒಂದು ಮನೆಯ ಹೊಣೆ ಎಂದು ಹಂಚಿ. ಜಂಪ್‌ಗೆ ಆ ಮನೆಯ ಹೆಸರಿಡಿ. ಮುಂದಿನ ವರ್ಷ ಬಣ್ಣ ಬಳಿಯಲು ನೀವು ಕರೆಯಬೇಕಾಗಿಲ್ಲ.

ಆಂಬುಲೆನ್ಸ್ ಮೈದಾನದಲ್ಲಿ ನಿಂತಿರಬೇಕು, 108ಕ್ಕೆ ಕರೆ ಮಾಡಿದರಾಯಿತು ಎಂಬುದು ಸಾಲದು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಆಂಬುಲೆನ್ಸ್ ಯಾವ ದಾರಿಯಲ್ಲಿ ಯಾವ ಜಂಪ್‌ವರೆಗೆ ಹೋಗಬಹುದು ಎಂದು ಹಿಂದಿನ ದಿನ ಓಡಿಸಿ ನೋಡಿ. ಅದು ಹೋಗಲಾಗದ ಜಂಪ್ ಇದ್ದರೆ ಆ ಜಂಪ್ ತೆಗೆಯಿರಿ. ಪಶುವೈದ್ಯರು ಇಡೀ ದಿನ ಇರಬೇಕು. ಕುದುರೆ ಬಿದ್ದರೆ ಮರೆ ಮಾಡಲು ನಾಲ್ಕು ಟಾರ್ಪಾಲ್ ಸಿದ್ಧ ಇಡಿ, ಫೋನ್ ಹಿಡಿದು ಓಡುವವರನ್ನು ತಡೆಯಲು ಇಬ್ಬರು ಗಟ್ಟಿಗರನ್ನು ನಿಲ್ಲಿಸಿ. ನಾಯಿಗಳನ್ನು ಕಟ್ಟಿಹಾಕಲು ಅಕ್ಕಪಕ್ಕದ ಮನೆಗೆಲ್ಲ ಹೇಳಿ ಬನ್ನಿ. ಪಟಾಕಿ ಬೇಡ, ಕೋವಿಯ ಸದ್ದಂತೂ ಬೇಡವೇ ಬೇಡ. ವಾಲಗವನ್ನು ಬಹುಮಾನ ಹಂಚುವಾಗ, ಕುದುರೆಗಳು ಲಾಯ ಸೇರಿದ ಮೇಲೆ ಇಟ್ಟುಕೊಳ್ಳಿ.

ಕೂಟ ಮುಗಿದ ಮರುದಿನ ತೀರ್ಪುಗಾರರ ಹನ್ನೆರಡು ಕಾಗದ ಮುಂದಿಟ್ಟುಕೊಂಡು ನೋಡಿ. ಒಂದೇ ಜಂಪ್‌ನಲ್ಲಿ ನಾಲ್ಕೈದು ಕುದುರೆ ನಿಂತಿದ್ದರೆ ತಪ್ಪು ಜಂಪ್‌ನದ್ದು, ಕುದುರೆಯದ್ದಲ್ಲ. ಅಂಗಳದ ಬಣ್ಣದ ಕಂಬಗಳನ್ನು ಒರೆಸಿ ಶೆಡ್ಡಿನೊಳಗೆ, ನೆಲಕ್ಕೆ ತಾಗದಂತೆ ಜೋಡಿಸಿಡಿ. ಈ ಕೆಲಸ ಕಾಫಿ ಹೂ ಅರಳಿಸುವ ಮೊದಲ ಹೂಮಳೆಗೆ ಮುನ್ನ ಮುಗಿಯಬೇಕು. ಆಮೇಲೆ ಗುದ್ದಲಿ ತೆಗೆದುಕೊಂಡು ಹೋಗಿ ಮೇಲ್ಬದಿಯ ಚರಂಡಿಯ ತರಗೆಲೆ ಎತ್ತಿ.